ಮುಟ್ಟಿ ನೋಡಿಕೊಳ್ಳದವನು

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಒಂದು ಗಾದೆಯನ್ನು ನಂಬಿಕೊಂಡೇ ನಮ್ಮ ಮೀಸೆ ಮಾಮ ಹನ್ನೆರಡು ವರ್ಷ ಆ ದೊಡ್ಡ ಕಚೇರಿಯ ಮುಂಬಾಗಿಲು ಕಾದಿದ್ದ.

ಇವತ್ತು ಆ ಬಾಗಿಲಿಗೇ ಕುತ್ತು ಬಂದಿತ್ತು. "ಪರೀಕ್ಷೆ ಮಾಡೋಕೆ ಕಂಪನಿಯವರು ಒಬ್ಬನ್ನ ಕಳಿಸ್ತಾರೆ. ನಕಲಿ ಕಾರ್ಡ್ ಹಾಕ್ಕೊಂಡು ನುಗ್ತಾನೆ. ಅವನನ್ನ ಒಳಗೆ ಬಿಟ್ರೆ ನಾಳೆಯಿಂದ ನೀನು ಕೆಳಗಿನ ಪಾರ್ಕಿಂಗ್‌ಗೆ," ಎಂದು ಸೂಪರ್‌ವೈಸರ್ ಬೆಳಗ್ಗೆಯೇ ಹೇಳಿಹೋಗಿದ್ದ. ನೆಲಮಾಳಿಗೆಯ ಆ ಪಾರ್ಕಿಂಗ್‌ನಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ, ಇರುವುದೆಲ್ಲ ಹೊಗೆ. ಮಾಮನಿಗೋ ಹಳೆಯ ಕೆಮ್ಮು. "ಅಲ್ಲಿಗೆ ಹೋದ್ರೆ ನಾನು ಸುಮ್ನಿರಲ್ಲ ನೋಡಿ," ಎಂದು ಹೆಂಡತಿ ಬೇರೆ ಎಚ್ಚರಿಸಿದ್ದಳು. ಏನಾದರಾಗಲಿ, ಹಿಡಿದೇ ಹಿಡಿಯುತ್ತೇನೆಂದು ಮಾಮ ಬೆಲ್ಟು ಬಿಗಿದ.

ಒಂಬತ್ತೂವರೆಗೆ ಜನ ಸಾಲುಗಟ್ಟಿದರು. ಮಾಮ ಗಂಟಲೆತ್ತಿ ಕೂಗಿದ: "ಯಾರೋ ನಕಲಿ ಕಾರ್ಡ್ ಹಾಕ್ಕೊಂಡು ಬಂದಿದಾರಂತೆ!"

ಯಾರ ಕೈ ಕಾರ್ಡಿಗೆ ಹೋಗುತ್ತದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಎಲ್ಲರ ಕೈಯೂ ಹೋಯಿತು. ಮ್ಯಾನೇಜರ್ ಸಾಹೇಬರಂತೂ ಕಾರ್ಡ್ ತಿರುಗಿಸಿ, ಫೋಟೋ ತಮ್ಮದೇ ಹೌದೋ ಅಲ್ಲವೋ ಎಂದು ಪರಿಶೀಲಿಸಿಕೊಂಡರು. ಮಾಮ ಒಬ್ಬರನ್ನೂ ಬಿಡಲಿಲ್ಲ. ಸಾಲು ಬೆಳೆದು ರಸ್ತೆಗಿಳಿಯಿತು.

"ನನ್ನನ್ನೂ ನಿಲ್ಲಿಸ್ತೀಯೇನಯ್ಯ?" ಮ್ಯಾನೇಜರ್ ಗುಡುಗಿದರು.

"ಮಾಮ, ನೀವೂ ನಿಮ್ಮ ಕಾರ್ಡ್ ಮುಟ್ಕೊಂಡ್ರಿ, ನಾನು ನೋಡ್ದೆ," ಎಂದು ರಿಸೆಪ್ಷನ್ ಹುಡುಗಿ ಕೂತಲ್ಲಿಂದಲೇ ಒಗ್ಗರಣೆ ಹಾಕಿದಳು.

ಮಾಮ ಬಗ್ಗಿ ನೋಡಿಕೊಂಡ. ಕೈ ಇನ್ನೂ ಎದೆಯ ಕಾರ್ಡಿನ ಮೇಲೇ ಇತ್ತು! ಛೆ, ಹೆದರಿಕೆಯೆಲ್ಲ ಪಾಪದವರಿಗೇ. ಹಾಗಾದರೆ ಮುಟ್ಟಿಕೊಳ್ಳದೆ ಇರುವವನು ಯಾರು? ಇದು ಬಲೆ ಎಂದು ಮೊದಲೇ ಗೊತ್ತಿರುವವನು!

ಇನ್ನೊಮ್ಮೆ ಕೂಗಿದ. ಮತ್ತೆ ಎಲ್ಲರೂ ಎದೆ ತಡವಿಕೊಂಡರು. ಸಾಲಿನ ಕೊನೆಯಲ್ಲಿ ಕಾರ್ಡ್ ಹಾಕಿಕೊಂಡ ನಲ್ಲಿ ರಿಪೇರಿಯವನೊಬ್ಬ ಮಾತ್ರ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಇನ್ನೊಂದನ್ನು ಜೇಬಿನಲ್ಲಿಟ್ಟು ನೆಮ್ಮದಿಯಾಗಿ ನಿಂತಿದ್ದ. ಮಾಮ ಹಾರಿ ಅವನ ರಟ್ಟೆ ಹಿಡಿದ.

"ತೆಗಿ ಪೆಟ್ಟಿಗೆ!"

ಒಳಗೆ ಒಂದು ಸ್ಪ್ಯಾನರೂ ಇರಲಿಲ್ಲ. ಕಾವಲುಗಾರರಿಗೆ ಅಂಕ ಹಾಕುವ ಪುಸ್ತಕವಿತ್ತು.

"ಭೇಷ್! ಆರು ಕಟ್ಟಡ ಸುತ್ತಿದೀನಿ, ನನ್ನ ಹಿಡಿದವರು ನೀವೊಬ್ರೇ," ಎಂದು ಪರೀಕ್ಷಕ ಮಾಮನ ಬೆನ್ನು ತಟ್ಟಿ ನೂರಕ್ಕೆ ನೂರು ಕೊಟ್ಟ. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಮಾಮನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸುದ್ದಿ ಕೇಳಿ ಸೂಪರ್‌ವೈಸರ್ ಓಡಿಬಂದು ಎರಡೂ ಕೈ ಹಿಡಿದುಕೊಂಡ.

"ಇಂಥ ಕಣ್ಣನ್ನ ಮುಂಬಾಗಿಲಲ್ಲಿಟ್ಟು ದಂಡ ಮಾಡ್ತಿದ್ವಲ್ಲಯ್ಯ! ನಿಜವಾದ ಕಳ್ಳ ಮುಂದಿನಿಂದ ಬರ್ತಾನಾ? ನಾಳೆಯಿಂದ ನೀನು ಕೆಳಗಿನ ಪಾರ್ಕಿಂಗ್‌ಗೆ!"

ಬೆಳಗ್ಗೆಯಿಂದ ಎಲ್ಲರ ಮನಸ್ಸನ್ನೂ ಅಳೆದಿದ್ದ ಮಾಮನಿಗೆ ಇದೊಂದು ಹೊಳೆದಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಕೆಮ್ಮು.