ಮಾವನವರ ಟ್ರಾಲಿಗೆ ನಾನು ಮೋಟಾರ್ ಹಾಕಿದ್ದು

ಈ ದಸರೆಯಿಂದ ನಮ್ಮ ಮನೆಯ ಯಾವ ಯಂತ್ರವೂ ರಿಪೇರಿಗೆಂದು ಹೊಸ್ತಿಲು ದಾಟಕೂಡದು ಎಂದು ನಾನು ಘೋಷಿಸಿದೆ. ಘೋಷಣೆಯಾದದ್ದು ಅಡುಗೆಮನೆಯಲ್ಲಿ. ಸಭೆಯಲ್ಲಿ ಹಾಜರಿದ್ದವಳು ನನ್ನ ಹೆಂಡತಿ ಸವಿತಾ ಒಬ್ಬಳೇ.

ಹೋಳಿಗೆಗೆಂದು ಶೇಂಗಾ ಹುರಿಯುತ್ತಿದ್ದ ಆಕೆ ತಿರುಗಿಯೂ ನೋಡಲಿಲ್ಲ. “ಫ್ಯಾನ್ ಬಿಚ್ಚಿ ಕೂಡ್ಸಿದ್ರಿ. ಈಗ ಫ್ಯಾನ್ ಹಾಕಿದ್ರ ಟ್ಯೂಬ್‌ಲೈಟ್ ಆರತದ. ಇನ್ನ ಯಾವುದಕ್ಕ ಕೈ ಹಚ್ಚಬೇಕಂತ ಮಾಡೀರಿ?”

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರ. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪ್ರತಿ ವರ್ಷ ಒಂದೇ ಪೀರಿಯಡ್ಡಿನಲ್ಲಿ ಇಡೀ ಔದ್ಯೋಗಿಕ ಕ್ರಾಂತಿಯನ್ನು ಮಾಡಿ ಮುಗಿಸುವವನು ನಾನು. ಉಗಿಯಂತ್ರವನ್ನೇ ಬೋರ್ಡಿನ ಮೇಲೆ ಓಡಿಸಿದವನಿಗೆ ಒಂದು ಫ್ಯಾನು ಯಾವ ಲೆಕ್ಕ ಹೇಳಿ! ಆದರೆ ಮನೆಯಲ್ಲಿ ವಿದ್ವತ್ತಿಗೆ ಬೆಲೆ ಇಲ್ಲ.

ಅದೇ ದಿನ ದೇವದುರ್ಗದ ಬಸ್ಸಿನಲ್ಲಿ ನನ್ನ ಗ್ರಹಚಾರ ಬಂದಿಳಿಯಿತು. ಕಂಡಕ್ಟರ್ ಒಂದು ರಟ್ಟಿನ ಡಬ್ಬಿಯನ್ನು ನನ್ನ ಕೈಗಿಡುತ್ತಾ, “ಹಿರ್ಯಾರು ಕೂಸಿನಂಗ ಒಯ್ಯಿ ಅಂದಾರ್ರೀ. ಹಬ್ಬದ ರಶ್ಶಿನಾಗ ಒಂದು ಸೀಟ್ ಇದಕ್ಕ ಬಿಟ್ಟು ಕೊಟ್ಟೀನಿ,” ಎಂದ. ಹಿರಿಯರೆಂದರೆ ನನ್ನ ಮಾವ ಹನುಮಂತರಾಯ. ಡಬ್ಬಿಯಲ್ಲಿದ್ದದ್ದು ಅವರ ಟ್ರಾಲಿ.

ಟ್ರಾಲಿ ಎಂದರೆ ಏನೆಂದು ಹೇಳಬೇಕು. ರೈಲು ಹಳಿಗಳನ್ನು ನೋಡಿಕೊಳ್ಳುವ ಸಾಹೇಬರು ಕೂತು ಹೋಗುವ ಗಾಡಿ ಅದು. ನಾಲ್ಕು ಚಕ್ರ, ಮೇಲೊಂದು ಹಲಗೆ, ಹಲಗೆಯ ಮೇಲೆ ಬೆಂಚು, ಸಾಹೇಬರ ತಲೆಯ ಮೇಲೆ ಕೊಡೆ, ಪಕ್ಕದಲ್ಲಿ ಕೆಂಪು ಬಾವುಟ. ಹಿಂದಿನಿಂದ ಟ್ರಾಲಿಮನ್‌ಗಳು ಹಳಿಯ ಮೇಲೇ ಓಡುತ್ತಾ ನೂಕಬೇಕು. ರೈಲು ಬರುವ ಸಮಯವಾದರೆ ಎಲ್ಲರೂ ಸೇರಿ ಗಾಡಿಯನ್ನೇ ಎತ್ತಿ ಪಕ್ಕಕ್ಕಿಡಬೇಕು. ಮಾವ ಟ್ರಾಲಿಮನ್ ಆಗಿ ರಾಯಚೂರಿನಿಂದ ಕೃಷ್ಣಾ ಸೇತುವೆಯವರೆಗೆ ನಮ್ಮೂರ ಬಿಸಿಲಲ್ಲಿ ಓಡಿ ಓಡಿ ಸವೆದವರು. ಅವರು ನಿವೃತ್ತರಾದಾಗ ಒಬ್ಬ ಎಂಜಿನಿಯರ್ ಸಾಹೇಬರು ತಾವು ಚಿಕ್ಕವರಿದ್ದಾಗ ಆಡಿದ್ದ ತಗಡಿನ ಆಟಿಕೆಯನ್ನು ಉಡುಗೊರೆ ಕೊಟ್ಟಿದ್ದರು. ಥೇಟ್ ಅದೇ ಟ್ರಾಲಿ. ಬೆಂಚು, ಕೊಡೆ, ಟೋಪಿ ಹಾಕಿದ ತಗಡಿನ ಸಾಹೇಬ, ಜೊತೆಗೆ ದುಂಡನೆಯ ಹಳಿ. ಒಂದೇ ವ್ಯತ್ಯಾಸವೆಂದರೆ, ಇದಕ್ಕೆ ಹೊಟ್ಟೆಯಲ್ಲೊಂದು ಮೋಟಾರ್ ಇತ್ತು, ಶೆಲ್ ಹಾಕುವ ಗೂಡಿತ್ತು, ಮಗ್ಗುಲಲ್ಲೊಂದು ಸ್ವಿಚ್ ಇತ್ತು.

ಮಾವನಿಗೆ ದೇವರಮನೆಯ ದೇವರುಗಳಾದ ಮೇಲೆ ಈ ಟ್ರಾಲಿಯೇ. ಖಂಡೇ ಪೂಜೆಗೆ ಊರವರೆಲ್ಲ ಕುಡುಗೋಲು, ಟ್ರ್ಯಾಕ್ಟರ್ ಪೂಜಿಸಿದರೆ ಇವರು ಇದಕ್ಕೆ ಕುಂಕುಮ ಹಚ್ಚುತ್ತಾರೆ. ಈ ವರ್ಷ ನಮ್ಮ ಹೊಸ ಮನೆಯಲ್ಲಿ ಮೊದಲ ದಸರೆ, ಹಾಗಾಗಿ ಪೂಜೆ ಇಲ್ಲೇ; ಟ್ರಾಲಿ ಮುಂದಾಗಿ ಬಂದಿತ್ತು, ಮಾವ ಮರುದಿನ ಬರುವವರಿದ್ದರು. ನಾನು ಆ ಪೂಜೆಯನ್ನು ನೋಡಿದವನಲ್ಲ.

“ಮಾವ ಇದನ್ನ ಏನು ಮಾಡ್ತಾರ?” ಎಂದು ಸವಿತಾಳನ್ನು ಕೇಳಿದೆ.

“ಬನ್ನಿ ಕೊಟ್ಟಾದ ಮ್ಯಾಲೆ ಹಳಿ ಮ್ಯಾಲೆ ಒಂದು ಸುತ್ತು ಹೊಡಸ್ತಾನ. ಅದಾದ್ರ ವರ್ಷ ಚಲೋ ಹೋಗತದ ಅಂತಾನ. ನೀವು ಒರಸಿ ಮ್ಯಾಲಿಡ್ರಿ, ಸಾಕು. ಮುಟ್ಟಾಕ ಹೋಗಬ್ಯಾಡ್ರಿ.”

ಒರೆಸುವುದೆಂದರೆ ಮುಟ್ಟಲೇಬೇಕಲ್ಲ. ಒರೆಸಿದೆ, ಹೊಸ ಶೆಲ್ ಹಾಕಿದೆ, ಸ್ವಿಚ್ ಒತ್ತಿದೆ. ಟ್ರಾಲಿ ಮಿಸುಕಲಿಲ್ಲ. ಪಾಪ, ಹಿರಿಯ ಜೀವ, ಬನ್ನಿ ಕೊಟ್ಟು ಬಂದು ಸ್ವಿಚ್ ಒತ್ತಿದಾಗ ಗಾಡಿ ಓಡದಿದ್ದರೆ? ವರ್ಷದ ಅಪಶಕುನವೆಲ್ಲ ನನ್ನ ಹೊಸ ಮನೆಯ ಮೇಲೆ! ಆ ಹೆದರಿಕೆಯ ಬೆನ್ನಿಗೇ ಒಂದು ಆಸೆಯೂ ಹುಟ್ಟಿತು. ನಾನು ಇದನ್ನು ಗುಟ್ಟಾಗಿ ಸರಿಮಾಡಿಟ್ಟರೆ, ಮದುವೆಯಾದಾಗಿನಿಂದ ನನ್ನನ್ನು “ಮಾಸ್ತರಿಕಿ ಬಿಟ್ಟು ಏನೂ ಬರವಲ್ದು” ಎಂಬಂತೆ ನೋಡುವ ಮಾವ ಎಲ್ಲರೆದುರು ಬೆನ್ನು ತಟ್ಟುತ್ತಾರೆ.

ಬೆಳಕು ಚೆನ್ನಾಗಿದೆಯೆಂದು ಅಡುಗೆಮನೆಯ ಹೊಸ್ತಿಲಲ್ಲೇ ಕೂತು, ಸವಿತಾ ಹಿತ್ತಲಿಗೆ ಹೋದಾಗ ಟ್ರಾಲಿಯ ಹೊಟ್ಟೆ ತೆಗೆದೆ. ಒಳಗೆ ಮೋಟಾರು ತುಕ್ಕು ಹಿಡಿದು ಕೂತಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿದ್ದೇ ತಡ, ಒಂದು ಸ್ಪ್ರಿಂಗು ಟಣ್ಣೆಂದು ಹಾರಿತು. ಜೊತೆಗೆ ಪುಟ್ಟ ಹಿತ್ತಾಳೆಯ ಹಲ್ಲುಚಕ್ರವೂ ಹಾರಿತು. ಸ್ಪ್ರಿಂಗು ನನ್ನ ಮಡಿಲಲ್ಲೇ ಬಿತ್ತು. ಚಕ್ರಕ್ಕಾಗಿ ಚಾಪೆ ಕೊಡವಿದೆ, ಬಾಗಿಲಸಂದಿ ಬಗ್ಗಿ ನೋಡಿದೆ, ಕೊನೆಗೆ ಮಂಚದ ಕೆಳಗೆ ತೂರಿದೆ. ಅಲ್ಲಿರುವಾಗಲೇ ಅಡುಗೆಮನೆಯಿಂದ ಮಿಕ್ಸಿ ಶುರುವಾದ ಸದ್ದು ಕೇಳಿಸಿತು. ಮೊದಲು ಗುರ್ರ್ ಎಂದಿತು. ಆಮೇಲೆ ಕಟಕಟಕಟ. ಆಮೇಲೆ ಮೌನ.

“ಏನ್ರೀ, ಮಿಕ್ಸಿ ಹೋತು ನೋಡ್ರಿ!” ಎಂದಳು ಸವಿತಾ.

ಚಕ್ರ ಎಲ್ಲಿದೆಯೆಂದು ಆಗ ತಿಳಿಯಿತು. ಓಡಿಹೋಗಿ ಜಾರಿನಲ್ಲಿ ಕೈ ಹಾಕಿದೆ. ಶೇಂಗಾಪುಡಿಯಲ್ಲಿ ಚಕ್ರ ಸಿಕ್ಕಿತು, ಅದರ ಹಲ್ಲುಗಳು ಸಿಗಲಿಲ್ಲ. ಮಾವನ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು. ಹೋಳಿಗೆಯಲ್ಲಿ ಹಿತ್ತಾಳೆಯ ಹಲ್ಲು. ಎರಡೂ ಎದುರಾಗುವ ದೃಶ್ಯ ಕಣ್ಣಮುಂದೆ ಬಂದು ಬೆವೆತುಹೋದೆ.

“ಹಲ್ಲಿ ಬಿದ್ದಿತ್ತು,” ಎಂದೆ. ಬೇರೇನೂ ಹೊಳೆಯಲಿಲ್ಲ.

“ಎಲ್ಲದ?”

“ನಾನs ತೆಗೆದು ಒಗದೆ.”

ಆಕೆ ಅಷ್ಟೂ ಪುಡಿಯನ್ನು ಹೊರಗೆ ಸುರಿದು, ಮತ್ತೆ ಶೇಂಗಾ ಹುರಿದು, ಒಳಕಲ್ಲಿನಲ್ಲಿ ಕುಟ್ಟುತ್ತಾ ಕೂತಳು. ಒಂದೊಂದು ಪೆಟ್ಟಿಗೂ ಆ ಇಲ್ಲದ ಹಲ್ಲಿಯ ವಂಶಕ್ಕೆ ಶಾಪ ಹಾಕುತ್ತಿದ್ದಳು. ಪ್ರತಿಯೊಂದು ಶಾಪವೂ ಸರಿಯಾದ ವಿಳಾಸಕ್ಕೇ ಬಂದು ತಲುಪುತ್ತಿತ್ತು.

ಮರುದಿನ ಬೆಳಿಗ್ಗೆ “ಗಣತಿ ಕೆಲಸ ಬಂದದ” ಎಂದು ಹೇಳಿ ಟ್ರಾಲಿಯನ್ನು ಬುತ್ತಿಚೀಲದಲ್ಲಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದೆ. ರಜೆಯಲ್ಲೂ ಸುಳ್ಳು ಹೇಳಲು ಮೇಷ್ಟ್ರುಗಳಿಗೆ ಗಣತಿಯಂಥ ವರ ಇನ್ನೊಂದಿಲ್ಲ, ಯಾವ ಹೆಂಡತಿಯೂ ಅನುಮಾನಪಡುವುದಿಲ್ಲ. ಅಲ್ಲಿ ನಮ್ಮ ಶಾಲೆಯ ವಿಜ್ಞಾನದ ಮಾಸ್ತರ ಹುಲಿಗೆಪ್ಪ ಇದ್ದಾರೆ. ಆತ್ಮವಿಶ್ವಾಸದಲ್ಲಿ ನನಗಿಂತ ಒಂದು ತೂಕ ಹೆಚ್ಚು.

ಅವರು ಟ್ರಾಲಿಯನ್ನು ತಿರುವಿ ಮುರುವಿ ನೋಡಿ, “ಹಳೇ ಮೋಟಾರ್ ಮಣ್ಣಾಗೇದ್ರೀ. ಬಾಡಿ ಅದನ್ನs ಇಟ್ಟು ಜೀವ ಬದಲು ಮಾಡೋಣ,” ಎಂದರು. ಎಲ್ಲಿಂದಲೋ ಒಂದು ಪುಟ್ಟ ಮೋಟಾರ್ ತಂದು ಕೂಡಿಸಿದರು. ಅಳತೆ ಹೇಳಿ ಮಾಡಿಸಿದಂತಿತ್ತು.

“ಇದು ಯಾವುದರದು?” ಎಂದೆ.

“ನಮ್ಮ ಕಟಿಂಗ್ ಅಂಗಡಿಯಾವ ಬಿಸಾಕಿದ್ದ. ಗಡ್ಡ ತೆಗಿಯೋ ಮಷಿನ್‌ದು.”

ಸ್ವಿಚ್ ಒತ್ತಿದೆವು. ಝುಂಯ್ ಎಂದು ಟ್ರಾಲಿ ಮೇಜಿನ ತುದಿ ದಾಟಿ ಗಾಳಿಗೆ ಹಾರಿತು. ಪುಣ್ಯಕ್ಕೆ ಅದು ಬಿದ್ದದ್ದು ಎದುರಿಗೆ ನಿಂತಿದ್ದ ನನ್ನ ಹೊಟ್ಟೆಯ ಮೇಲೆ. “ಸ್ವಲ್ಪ ಜೋರಾತೇನ್ರೀ?” ಎಂದೆ. “ಹೊಸಾದು ಮೊದಮೊದಲು ಹಂಗs,” ಎಂದರು ಹುಲಿಗೆಪ್ಪ. ನಾನು ನಂಬಿದೆ. ನಂಬದೆ ಏನು ಮಾಡಲಿ, ಮಾವ ಆಗಲೇ ದೇವದುರ್ಗದಲ್ಲಿ ಬಸ್ಸು ಹತ್ತಿದ್ದಾರೆಂದು ಸವಿತಾ ಫೋನ್ ಮಾಡಿದ್ದಳು.

ನಾನು ಮನೆ ಸೇರುವಷ್ಟರಲ್ಲಿ ಮಾವ ಜಗಲಿಯ ಮೇಲೆ ಕೂತಿದ್ದರು. “ಬರ್ರಿ ಅಳಿಯಂದ್ರ. ಗಣತಿ ಮುಗೀತೇನ್ರಿ?” ಎಂದರು. ನಾನು ಚೀಲವನ್ನು ಎದೆಗೆ ಅವಚಿಕೊಂಡು ಒಳಗೆ ಹೋಗಿ ಟ್ರಾಲಿಯನ್ನು ಡಬ್ಬಿಯಲ್ಲಿಟ್ಟೆ. ಹಳಿಯ ಮೇಲೆ ಒಮ್ಮೆಯಾದರೂ ಓಡಿಸಿ ನೋಡೋಣವೆಂದರೆ ಪುರುಸೊತ್ತೇ ಸಿಗಲಿಲ್ಲ. ಡಬ್ಬಿ ಬಿಟ್ಟು ಮಾವ ಕದಲಲಿಲ್ಲ.

ಮರುದಿನ ಖಂಡೇ ಪೂಜೆ. ದೇವರ ಮುಂದೆ ಹಳಿ ಹರಡಿ, ಅದರ ಮೇಲೆ ಟ್ರಾಲಿ ನಿಲ್ಲಿಸಿ, ಮಾವ ಚೆಂಡುಹೂ ಏರಿಸಿದರು. ಪೂಜೆಗಿಟ್ಟ ಆಯುಧವನ್ನು ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ನಾನು ಅದನ್ನು ನೋಡುತ್ತಾ ಆ ದಿನ ಕಳೆದೆ. ಸವಿತಾ ಹೋಳಿಗೆ ಬಡಿಸಿದಳು. ಆಗಲೂ ಹಳಿಯ ತಿರುವಿನ ಮೇಲೇ ನನ್ನ ಕಣ್ಣು. ಗಡ್ಡ ತೆಗೆಯುವ ಮಷಿನ್ನಿಗೆ ತಿರುವಿನ ಅಭ್ಯಾಸ ಎಲ್ಲಿಂದ ಬರಬೇಕು?

ದಶಮಿಯ ಸಂಜೆ ಬನ್ನಿ ಕೊಟ್ಟೆವು. “ಬನ್ನಿ ತಗೊಂಡು ಬಂಗಾರದಂಗ ಇರೋಣ,” ಎಂದು ಮಾವನ ಕಾಲಿಗೆ ಬಿದ್ದವನು ಏಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡೆ. ಅಕ್ಕಪಕ್ಕದವರೂ ಬಂದು ನೆರೆದರು. ಮಾವ ಹಳಿಯ ಮುಂದೆ ಮಂಡಿಯೂರಿ, ಟ್ರಾಲಿಯ ಹಿಂದೆ ಮೆಲ್ಲಗೆ ಒಂದು ಬೆರಳಿಟ್ಟರು.

ವಯಸ್ಸಾಯಿತು, ಸ್ವಿಚ್ ಮರೆತಿದ್ದಾರೆ ಎಂದುಕೊಂಡೆ. ನನ್ನ ಕೀರ್ತಿಯ ಗಳಿಗೆ ಅದು. “ನಾನಿದ್ದೀನಿ ಮಾವಾರ,” ಎಂದು ಬಗ್ಗಿ ಸ್ವಿಚ್ ಒತ್ತಿದೆ.

ಝುಂಯ್!

ಟ್ರಾಲಿ ಮಾವನ ಬೆರಳು ಬಿಟ್ಟು ಹಾರಿತು. ಮೊದಲ ತಿರುವಿನಲ್ಲೇ ಹಳಿ ಬಿಟ್ಟು, ಬನ್ನಿಯ ತಟ್ಟೆ ಚೆಲ್ಲಿ, ಪಕ್ಕದ ಮನೆಯ ಹುಲಗೆಮ್ಮನ ಸೀರೆಯಡಿ ನುಗ್ಗಿ, ಆಕೆ ಚೀರಿ ಹಾರಿದ ಮೇಲೆ ಗೋಡೆಗೆ ಬಡಿದು ಮಗುಚಿತು. ಚಕ್ರ ಮಾತ್ರ ಇನ್ನೂ ತಿರುಗುತ್ತಿತ್ತು. ತಗಡಿನ ಸಾಹೇಬರು ಬೆಂಚಿನಿಂದ ಕಿತ್ತುಬಂದು ಮಾವನ ಮುಂದೆಯೇ ಬೋರಲು ಬಿದ್ದಿದ್ದರು.

ಮಾವ ಸಾಹೇಬರನ್ನು ಎತ್ತಿಕೊಂಡು ಟೋಪಿ ಒರೆಸಿದರು. “ಇಷ್ಟು ವರ್ಷ ನೂಕೀನಿ. ಸಾಹೇಬ್ರನ್ನ ಒಂದು ಸಲಾನೂ ಕೆಡವಿಲ್ಲ,” ಎಂದರು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಹಲ್ಲುಚಕ್ರ, ಮಿಕ್ಸಿ, ಗಣತಿ, ಗಡ್ಡದ ಮಷಿನ್ ಎಲ್ಲ. “ಮೋಟಾರ್ ಸತ್ತಿತ್ತು ಮಾವಾರ. ನಿಮಗ ಬ್ಯಾಸರ ಆದೀತಂತ…” ಎನ್ನುತ್ತಾ ಚೆಲ್ಲಿದ ಬನ್ನಿ ಎಲೆಗಳನ್ನು ತಟ್ಟೆಗೆ ಆಯತೊಡಗಿದೆ. ಸವಿತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

“ಸಾಹೇಬ್ರು ಕೊಟ್ಟಾಗs ಅದು ಸತ್ತಿತ್ತು,” ಎಂದರು ಮಾವ. “ರಿಪೇರಿ ಮಾಡಿಸಿ ಕೊಡ್ತೀನಂದ್ರು, ನಾನs ಬ್ಯಾಡಂದೆ. ತಾನs ಓಡಿದ್ರ ಅದಕ್ಕ ನಾನ್ಯಾಕ ಬೇಕ್ರಿ?”

ನಾನು ಗಡ್ಡದ ಮೋಟಾರನ್ನು ಕಿತ್ತು ತೆಗೆದೆ. ಮಾವ ಸೊಟ್ಟಗಾದ ಚಕ್ರವನ್ನು ಬೆರಳಲ್ಲೇ ನೆಟ್ಟಗೆ ಮಾಡಿ, ಸಾಹೇಬರನ್ನು ಮತ್ತೆ ಬೆಂಚಿಗೆ ಸಿಕ್ಕಿಸಿ, ಗಾಡಿಯನ್ನು ಹಳಿಗೇರಿಸಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಕುರ್ಚಿಯಲ್ಲಿ ಕೂತರು.

“ನನ್ನ ಮಣಕಾಲು ಇನ್ನ ಬಗ್ಗವಲ್ವು. ಟ್ರಾಲಿಗೆ ಇನ್ನೊಬ್ಬ ಆಳು ಬೇಕು. ಬರ್ರಿ ಅಳಿಯಂದ್ರ.”

ಇಡೀ ಓಣಿಯ ಎದುರು ನಾನು ಮಂಡಿಯೂರಿ, ಒಂದು ಬೆರಳಿನಿಂದ ಸಾಹೇಬರನ್ನು ನೂಕುತ್ತಾ ಹಳಿಯ ಸುತ್ತ ಅಂಬೆಗಾಲಿಟ್ಟೆ. ತಿರುವಿನಲ್ಲಿ ಉಸಿರು ಬಿಗಿಹಿಡಿದೆ. ಗಾಡಿ ಬೀಳಲಿಲ್ಲ. ಸುತ್ತು ಮುಗಿದಾಗ ಮಾವ ಮೊದಲ ಬಾರಿಗೆ ನನ್ನ ಬೆನ್ನು ತಟ್ಟಿ, ಮಗಳ ಕಡೆ ತಿರುಗಿದರು.

“ಸವಿತಾ, ನಿನ್ನ ಗಂಡಗ ಏನೂ ಬರಂಗಿಲ್ಲಂತ ಫೋನಿನಾಗ ಅಳತಿದ್ದೀಯಲ್ಲ, ಸುಳ್ಳದು. ಚಲೋ ನೂಕ್ತಾರ ನೋಡು.”