ಉಪವಾಸದ ಬಾಟಲಿ

ಕಾಯಿಲೆಗಳಲ್ಲೂ ಮೇಲುಕೀಳು ಇದೆ ಎಂದು ನನಗೆ ತಿಳಿದದ್ದು ನಮ್ಮ ಅತ್ತೆಯವರಿಂದ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಈಗ ಸಕ್ಕರೆ ಕಾಯಿಲೆಗೆ ಕವಡೆ ಕಾಸಿನ ಬೆಲೆಯಿಲ್ಲ. ‘ನನಗೆ ಶುಗರ್ ಬಂದಿದೆ’ ಎಂದು ನೀವು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರೆ, ಎದುರುಮನೆಯವರು ‘ಇಷ್ಟು ದಿನ ಇರಲಿಲ್ವಾ?’ ಎಂದು ಕೇಳಿ ತರಕಾರಿ ಗಾಡಿಯ ಕಡೆ ತಿರುಗುತ್ತಾರೆ. ಬಿಪಿ, ಥೈರಾಯ್ಡ್, ಮಂಡಿನೋವುಗಳದ್ದೂ ಇದೇ ಗತಿ. ಅತ್ತೆಯವರ ಕಾಯಿಲೆ ಹಾಗಲ್ಲ. ಅವರ ಅಂಗೈಗಳು ದಪ್ಪಗಟ್ಟಿ, ಹುಣಸೆಮರದ ತೊಗಟೆಯಂತೆ ಬಿರಿದು, ಬೆರಳುಗಳಿಗೆ ಬಿಸಿ ತಂಪು ತಿಳಿಯದಂತಾಗಿ ವರ್ಷಗಳೇ ಆಗಿವೆ. ಅದಕ್ಕೆ ಇಲ್ಲಿನ ಡಾಕ್ಟರು ಒಂದು ಹೆಸರು ಹೇಳಿದರು, ಯಲಹಂಕದವರು ಇನ್ನೊಂದು ಹೆಸರು ಹೇಳಿದರು, ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯ ಹಿರಿಯ ವೈದ್ಯರೊಬ್ಬರು ಹೆಸರನ್ನೇ ಹೇಳದೆ ‘ತುಂಬಾ ಅಪರೂಪದ್ದು’ ಎಂದುಬಿಟ್ಟರು. ಅಂದಿನಿಂದ ನಮ್ಮ ಬೀದಿಯಲ್ಲಿ ಅತ್ತೆಯವರ ಮುಂದೆ ಬೇರೆ ಯಾರೂ ತಮ್ಮ ಕಾಯಿಲೆಯ ಮಾತೆತ್ತುವುದಿಲ್ಲ.

ಆ ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಹಿರಿಯ ವೈದ್ಯರು ಕೈಬೀಸಿ ಕರೆದದ್ದೇ ತಡ, ಕಲಿಯುವ ಡಾಕ್ಟರುಗಳ ಹಿಂಡೊಂದು ಬಂದು ಅತ್ತೆಯವರನ್ನು ಸುತ್ತುವರಿಯಿತು. ಒಬ್ಬರು ಸೂಜಿಯಿಂದ ಬೆರಳು ಚುಚ್ಚಿ ನೋಡಿದರು, ಒಬ್ಬರು ಮೊಬೈಲಿನಲ್ಲಿ ಫೋಟೊ ತೆಗೆದರು, ಎಲ್ಲರ ಮುಖದಲ್ಲೂ ನಿಧಿ ಸಿಕ್ಕಿದ ಕಳೆ. ಅತ್ತೆಯವರೂ ಸುಮ್ಮನಿರಲಿಲ್ಲ, ಮದರಂಗಿ ಹಾಕಿಸಿಕೊಂಡ ಮದುವಣಗಿತ್ತಿಯ ಹಾಗೆ ಎರಡೂ ಕೈ ಚಾಚಿ ಕೂತಿದ್ದರು. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಬಣ್ಣದ ಮನೆಯಲ್ಲಿ ಎಂದರು. ಮಗ್ಗಕ್ಕೆ ಹೋಗುವ ನೂಲಿನ ಲಡಿಗಳನ್ನು ಬಣ್ಣದ ಬಾನಿಯಲ್ಲಿ ಅದ್ದಿ, ಹಿಂಡಿ, ಜಾಲಾಡುವ ಕೆಲಸ. ನಮ್ಮ ಮಾವ ಬೇಗ ತೀರಿಕೊಂಡ ಮೇಲೆ ಮಗನನ್ನು, ಅಂದರೆ ನಮ್ಮ ಯಜಮಾನರನ್ನು, ಅವರು ಸಾಕಿ ಓದಿಸಿದ್ದು ಆ ಕೆಲಸದಿಂದಲೇ. ಹಾಗಾದರೆ ಬಣ್ಣದಿಂದಲೇ ಹೀಗಾಯಿತೇ ಎಂದು ನಾನು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು ಎಂದು ಹೇಳಿ ವೈದ್ಯರು ಒಂದು ಮುಲಾಮು ಬರೆದುಕೊಟ್ಟು, ನೀರು ಮುಟ್ಟಬೇಡಿ ಎಂದು ಅಪ್ಪಣೆ ಮಾಡಿದರು. ನೀರು ಮುಟ್ಟದೆ ಬದುಕೋದಕ್ಕೆ ನಾನೇನು ಬೆಕ್ಕಾ ಎಂದು ಅತ್ತೆ ಬಸ್ಸಿನುದ್ದಕ್ಕೂ ಗೊಣಗಿದರು. ಮುಲಾಮು ಮುಗಿಯಿತು, ಬಿರುಕು ಮಣಿಕಟ್ಟಿನ ತನಕ ಏರಿತು. ಬೆರಳಿಗೆ ಬಿಸಿಯೇ ತಾಗದ ಕಾರಣ ಅವರು ಕುದಿಯುವ ಹಿಟ್ಟನ್ನು ಕೈಗೆ ನೀರು ಸವರಿಕೊಳ್ಳದೆ ಸರಸರನೆ ಮುದ್ದೆ ಕಟ್ಟುತ್ತಾರೆ. ಅಂಥ ನುಣುಪಾದ ಮುದ್ದೆ ತಾಲ್ಲೂಕಿನಲ್ಲೇ ಇಲ್ಲ ಎಂದು ನೆಂಟರೆಲ್ಲ ಹೊಗಳುತ್ತಾರೆ. ಅವರು ಮುದ್ದೆ ಕಟ್ಟುವಾಗಲೆಲ್ಲ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಆದರೂ ತಿನ್ನುತ್ತೇನೆ, ಏಕೆಂದರೆ ಮುದ್ದೆ ನಿಜಕ್ಕೂ ಚೆನ್ನಾಗಿರುತ್ತದೆ.

ಇನ್ನು ನನ್ನ ವಿಷಯ. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಹಾಗೆಂದರೆ, ಪರೀಕ್ಷೆಗೆ ಬರುವ ಪ್ರಶ್ನೆಗಳಿಗೆ ಉತ್ತರ ಬರೆಸುತ್ತೇನೆ. ಆದರೂ ನನ್ನೊಳಗೆ ಒಬ್ಬ ಸಂಶೋಧಕಿ ಇದ್ದಾಳೆ ಎಂಬ ಭ್ರಮೆ ನನಗೆ ಬಹಳ ದಿನದಿಂದಲೂ ಇದೆ. ಅತ್ತೆಯವರ ತವರೂರು ಮಾಕಳಿದುರ್ಗದ ಕಡೆ. ಅಲ್ಲಿನ ಕೆರೆಗೆ ಮೇಲಿನ ಹಳ್ಳದಿಂದ ಬಣ್ಣದ ಮನೆಗಳ ನೀರು ಹರಿದು ಹರಿದು, ಕೆರೆ ಒಂದು ದಿನ ನೇರಳೆಯಾಗಿ, ಇನ್ನೊಂದು ದಿನ ಕೆಂಪಾಗಿ ಕಾಣುತ್ತದೆ. ಎಮ್ಮೆಗಳೂ ಮೂಸಿ ನೋಡಿ ಹಿಂದಿರುಗುತ್ತವೆ. ಆ ಹಳ್ಳ ಕೆರೆಗೆ ಸೇರುವ ಬಾಯಿಯ ಕೆಸರಿನಲ್ಲಿ ಬಣ್ಣವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ನನಗೆ ಸಿಕ್ಕವು. ಬಾಟಲಿಯಲ್ಲಿ ಅವುಗಳ ಜೊತೆ ನೇರಳೆ ನೀರನ್ನು ಇಟ್ಟರೆ ನಿಧಾನವಾಗಿ ತಿಳಿಯಾಗುತ್ತಿತ್ತು. ಇಲ್ಲೊಂದು ಸಣ್ಣ ಗುಟ್ಟಿದೆ, ಇದನ್ನು ನಾನು ತರಗತಿಯಲ್ಲೂ ಹೇಳುತ್ತೇನೆ. ಈ ಜೀವಿಗಳಿಗೆ ಬಣ್ಣವೆಂದರೆ ಇಷ್ಟವೇನಲ್ಲ. ಬೇರೆ ಗತಿಯಿಲ್ಲದಾಗ ತಿನ್ನುತ್ತವೆ, ಅಷ್ಟೆ. ಬೇರೆ ಊಟ ಸಿಕ್ಕರೆ ಬಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ, ಅದೇ ರೂಢಿಯಾದರೆ ಬಣ್ಣ ತಿನ್ನುವ ವಿದ್ಯೆಯನ್ನೇ ಮರೆತುಬಿಡುತ್ತವೆ. ಹಾಗಾಗಿ ನಾನು ಅವನ್ನು ಬಹಳ ಶಿಸ್ತಿನಿಂದ ಉಪವಾಸ ಕೆಡವಿ, ಬಣ್ಣ ಮಾತ್ರ ಕೊಟ್ಟು ಸಾಕುತ್ತಿದ್ದೆ.

ಅಂಥ ಬಾಟಲಿ ನನ್ನ ಅಡುಗೆಮನೆಗೆ ಹೇಗೆ ಬಂತು ಎಂದು ನೀವು ಕೇಳುತ್ತೀರಿ. ದಯವಿಟ್ಟು ಇದನ್ನು ಪ್ರಿನ್ಸಿಪಾಲರ ಕಿವಿಗೆ ಹಾಕಬೇಡಿ. ರಜೆ ಬಂದರೆ ನಮ್ಮ ಕಾಲೇಜಿನಲ್ಲಿ ಪ್ರಯೋಗಾಲಯದ ಕರೆಂಟನ್ನು ಮೈನಿನಲ್ಲೇ ಆರಿಸಿಬಿಡುತ್ತಾರೆ. ಹಿಂದಿನ ರಜೆಯಲ್ಲಿ ಹಾಗೆ ಆರಿಸಿ, ಫ್ರಿಜ್ಜಿನಲ್ಲಿ ಜೋಪಾನವಾಗಿಟ್ಟಿದ್ದ ಉಳಿದ ಬಾಟಲಿಗಳೆಲ್ಲ ಕೊಳೆತು ಹೋಗಿದ್ದವು. ಮತ್ತೆ ಕೆಸರು ತರೋಣವೆಂದರೆ, ಆ ಹಳ್ಳದ ಬಾಯಿಯನ್ನು ಜೆಸಿಬಿಯಿಂದ ಬಾಚಿ ಎಲ್ಲಿಗೋ ಸಾಗಿಸಿಯಾಗಿತ್ತು. ಉಳಿದದ್ದು ಒಂದೇ ಬಾಟಲಿ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದು, ಬೆಚ್ಚಗಿರಲಿ ಎಂದು ಗ್ಯಾಸ್ ಒಲೆಯ ಪಕ್ಕದ ಸ್ಟ್ಯಾಂಡಿನಲ್ಲಿಟ್ಟೆ. ಇಂಥದ್ದನ್ನು ಅಡುಗೆಮನೆಯಲ್ಲಿಡಬಾರದು ಎಂದು ಪ್ರತಿವರ್ಷ ಮೊದಲ ಪಾಠದಲ್ಲೇ ಹೇಳಿಕೊಡುವವಳೂ ನಾನೇ.

ನಮ್ಮ ಅತ್ತೆಯವರ ಅಡುಗೆಮನೆಯ ಸಂಪ್ರದಾಯವನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಲೆ ಹಚ್ಚಿದ ಮನೆಯಲ್ಲಿ ಯಾವ ಜೀವವೂ ಹಸಿದಿರಬಾರದು ಎಂಬುದು ಅವರ ಕಾನೂನು. ಕಾಗೆಗೆ ಒಂದು ತುತ್ತು, ಬೀದಿನಾಯಿಗೆ ಒಂದು ತುತ್ತು, ಅಕ್ಕಿ ತೊಳೆದ ನೀರು ಪಕ್ಕದ ಮನೆಯ ಹಸುವಿಗೆ. ಇರುವೆ ತಿನ್ನಲಿ ಎಂದು ಇಂದಿಗೂ ಅಕ್ಕಿಹಿಟ್ಟಿನಲ್ಲೇ ರಂಗೋಲಿ ಹಾಕುತ್ತಾರೆ. ಮೀಟರ್ ಓದಲು ಬಂದವನು ನಮ್ಮ ಮನೆಯಲ್ಲಿ ಉಣ್ಣದೆ ಹೋದದ್ದೇ ಇಲ್ಲ. ಅಂಥವರಿಗೆ ನಾನು ಬಾಟಲಿ ತೋರಿಸಿ, ಇದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಗಳಿವೆ, ಯಾರೂ ಮುಟ್ಟಬಾರದು, ಇವಕ್ಕೆ ಬಣ್ಣ ಬಿಟ್ಟು ಇನ್ನೇನೂ ಕೊಡುವುದಿಲ್ಲ ಎಂದು ಹೆಮ್ಮೆಯಿಂದ ವಿವರಿಸಿದ್ದೆ. ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟು ಕೇಳಿದರು, ಏನೂ ಮಾತಾಡಲಿಲ್ಲ. ಅವರು ಮಾತಾಡದೆ ಇದ್ದಾಗ ಹುಷಾರಾಗಬೇಕು ಎನ್ನುವುದು ಇಷ್ಟು ವರ್ಷ ಸೊಸೆಯಾಗಿಯೂ ನನಗೆ ಹೊಳೆಯಲಿಲ್ಲ.

ಆದರೆ ಬಾಟಲಿಯ ನೇರಳೆ ನೀರು ಮೊದಲ ಸಲ ತಿಳಿಯಾದ ದಿನ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

“ನಮ್ಮೂರ ಕೆರೇಲಿ ಬಗ್ಗಿ ನೋಡಿದ್ರೆ ಮುಖ ಕಾಣೋದು ಕಣಮ್ಮ. ಕಣ್ಣು ಮುಚ್ಚೋದ್ರೊಳಗೆ ಇನ್ನೊಂದ್ಸಲ ಹಂಗೆ ಕಂಡ್ರೆ ಸಾಕು.”

ತಮ್ಮ ಕೈ ವಾಸಿಯಾಗಲಿ ಎಂದು ಅವರು ಒಂದು ದಿನವೂ ಬಾಯಿಬಿಟ್ಟು ಕೇಳಿದವರಲ್ಲ. ಕೇಳಿದ್ದು ಇದೊಂದೇ. ಅದು ನನ್ನಿಂದ ಆಗುವಂಥದ್ದು ಎಂದು ನನಗೆ ಅನ್ನಿಸಿತು. ಅವರ ತವರೂರಿನಲ್ಲಿ ಆಗಲೇ ಬೇರೆ ಮಾತು ನಡೆದಿತ್ತು. ಹಾಳುಬಿದ್ದ ಕೆರೆ ಯಾರಿಗೆ ಬೇಕು, ಮಣ್ಣು ತುಂಬಿಸಿ ಸಮುದಾಯ ಭವನ ಕಟ್ಟಿಸೋಣ ಎಂದು ಊರಿನ ದೊಡ್ಡವರು ಹೇಳುತ್ತಿದ್ದರು. ಅತ್ತೆಯವರ ಅಣ್ಣನ ಮಗ, ಆ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ನಂಜೇಗೌಡರನ್ನು ನಾನು ಹಿಡಿದೆ. ಹಳ್ಳದ ಬಾಯಿಗೆ ಒಂದು ತೊಟ್ಟಿ ಕಟ್ಟಿ ಈ ಬ್ಯಾಕ್ಟೀರಿಯಾ ಬಿಟ್ಟರೆ, ಕೆರೆಗೆ ಬರುವ ನೀರು ಅಲ್ಲೇ ತಿಳಿಯಾಗುತ್ತದೆ ಎಂದು ವಿವರಿಸಿದೆ. ಅವರು ಎಲ್ಲರನ್ನೂ ಕೂಡಿಸಿ ಮಾತಾಡಿ, ಒಂದು ಷರತ್ತು ತಂದರು. ಡೈರಿ ಜಗಲಿಯ ಮೇಲೆ ಎಲ್ಲರ ಎದುರಿಗೆ ಒಂದು ಬಕೆಟ್ ಕೆರೆ ನೀರು ತಿಳಿ ಮಾಡಿ ತೋರಿಸಬೇಕು. ತಿಳಿಯಾದರೆ ತೊಟ್ಟಿ, ಆಗದಿದ್ದರೆ ಮಣ್ಣು.

ಅಂದಿನಿಂದ ನನ್ನ ಬಾಟಲಿಗೆ ಎಲ್ಲಿಲ್ಲದ ಕಳೆ ಬಂತು. ಅದು ಮೊದಲು ತೆಳ್ಳಗೆ ಮಬ್ಬಾಗಿರುತ್ತಿತ್ತು, ಈಗ ದಿನದಿಂದ ದಿನಕ್ಕೆ ಮಂದವಾಗಿ ಮಜ್ಜಿಗೆಯ ಹದಕ್ಕೆ ಬಂತು. ಮುಚ್ಚಳ ಸಡಿಲಿಸಿದರೆ ಬುಸ್ಸೆಂದು ಗಾಳಿ ಬರುತ್ತಿತ್ತು, ಹುಳಿಹುಳಿ ವಾಸನೆ ಬೇರೆ. ಹಾಕಿದ ಬಣ್ಣ ತಿಳಿಯಾಗುತ್ತಿದೆಯೇ ಇಲ್ಲವೇ ಎಂಬುದು ಆ ಮಬ್ಬಿನಲ್ಲಿ ಕಾಣುತ್ತಲೇ ಇರಲಿಲ್ಲ. ಸಾಮಾನ್ಯ ಬುದ್ಧಿಯಿದ್ದ ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಂಭ್ರಮ. ಅರೆಹೊಟ್ಟೆಯಲ್ಲೇ ಇಷ್ಟು ದಷ್ಟಪುಷ್ಟವಾಗಿ ಬೆಳೆದಿವೆಯಲ್ಲ, ಇನ್ನು ಕೆರೆಗೇ ಬಿಟ್ಟರೆ ಹೇಗೆ ಬೆಳೆಯಬಹುದು ಎಂದು ನಮ್ಮ ಯಜಮಾನರ ಮುಂದೆ ಕೊಚ್ಚಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ, ಈ ಮನೆಯಲ್ಲಿ ಯಾರು ಬಡಕಲಾಗಿ ಉಳಿದಿದ್ದಾರೆ ಎಂದರು. ಆ ಮಾತಿನಲ್ಲಿ ಎಂಥ ವಿಜ್ಞಾನ ಅಡಗಿತ್ತು ಎಂದು ಆಗ ನನಗೆ ಗೊತ್ತಾಗಲಿಲ್ಲ.

ಹೇಳಿದ ದಿನ ಅತ್ತೆಯವರು ರೇಷ್ಮೆ ಸೀರೆ ಉಟ್ಟು, ಮೊಣಕೈ ತನಕ ಸೆರಗು ಹೊದ್ದು ನನ್ನ ಜೊತೆ ಹೊರಟರು. ಡೈರಿಗೆ ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದುಕೊಂಡೇ ನಿಂತರು. ನಾನು ಬಕೆಟ್ಟಿನ ನೇರಳೆ ನೀರಿಗೆ ಬಾಟಲಿಯಿಂದ ಅರ್ಧ ಸುರಿದು, ನಾಳೆ ಸಂಜೆಯ ಹಾಲಿನ ಹೊತ್ತಿಗೆ ಇದರಲ್ಲಿ ನಿಮ್ಮ ಮುಖ ನೋಡಿಕೊಳ್ಳಬಹುದು ಎಂದು ಭಾಷಣ ಮಾಡಿದೆ. ಮರುದಿನ ಸಂಜೆ ಉಳಿದ ಅರ್ಧ ಬಾಟಲಿ ಹಿಡಿದು ಇಬ್ಬರೂ ಮತ್ತೆ ಹೋಗಿ ನೋಡಿದರೆ ನೀರು ಅಷ್ಟೇ ನೇರಳೆ, ಮೇಲೆ ಒಂದು ಪದರ ನೊರೆ, ಜೊತೆಗೆ ಹಾಲು ಹಾಕುವವರು ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಹಾಲಿಗೆ ಆ ವಾಸನೆ ಅಂಟಬಾರದೆಂದು ಒಬ್ಬರು ಬಕೆಟ್ಟನ್ನು ಕಾಲಿನಿಂದಲೇ ಜಗಲಿಯ ತುದಿಗೆ ತಳ್ಳಿದರು. ನಂಜೇಗೌಡರು ಬಹಳ ಮರ್ಯಾದಸ್ಥರು. ಬ್ಯಾಕ್ಟೀರಿಯಾಗಳಿಗೆ ಹುಷಾರಿಲ್ಲವೇನೋ, ನೋಡೋಣ ಮೇಡಂ ಎಂದರು. ನಮ್ಮ ಕಡೆ ‘ನೋಡೋಣ’ ಎಂದರೆ ಮುಗಿಯಿತು ಎಂದರ್ಥ. ಅತ್ತೆಯವರು ಬಕೆಟ್ಟಿನ ಮೇಲೆ ಬಗ್ಗಿ ನೋಡಿ, ಏನೂ ಕಾಣದೆ, ಸೆರಗು ಸರಿಮಾಡಿಕೊಂಡು ಬಸ್ ನಿಲ್ಲುವ ಕಡೆ ನಡೆದರು. ಅವರ ಹಿಂದೆ ನಡೆಯುವಾಗ ನನಗೆ ಅಳು ಬಂತು, ಬಾಟಲಿ ಹಿಡಿದುಕೊಂಡೇ ಅತ್ತುಬಿಟ್ಟೆ.

ಮನೆ ಸೇರಿ ಮುಖ ತೊಳೆದು ಬಂದು ನೋಡುತ್ತೇನೆ, ಅತ್ತೆಯವರು ಒಲೆಯ ಪಕ್ಕದಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ಬೆಳಗಿನ ರಾಗಿ ಅಂಬಲಿಯ ಲೋಟ, ಇನ್ನೊಂದರಲ್ಲಿ ಮುಚ್ಚಳ ತೆಗೆದ ನನ್ನ ಬಾಟಲಿ. ಬಿರಿದ ಬೆರಳುಗಳಿಂದ ಲೋಟವನ್ನು ಸಂಭಾಳಿಸಿಕೊಂಡು ಒಂದು ಹನಿಯೂ ಚೆಲ್ಲದ ಹಾಗೆ ಹೊಯ್ಯುತ್ತಿದ್ದಾರೆ. ಏನು ಮಾಡುತ್ತಿದ್ದೀರಿ ಎಂದು ನಾನು ಕೂಗಿಯೇ ಬಿಟ್ಟೆ.

“ಬಯ್ತೀಯ ಅಂತ ಹೇಳಿರ್ಲಿಲ್ಲ ಕಣಮ್ಮ. ದಿನಾ ಒಂದೊಂದು ಗುಟುಕು ಹಾಕ್ತಿದ್ದೆ. ಆದ್ರೂ ಸಾಲ್ದಾಯ್ತು ನೋಡು. ಅಷ್ಟೊಂದು ನೀರು ಕಂಡು ಪಾಪ ಸೋತೋದ್ವು. ಇನ್ಮೇಲೆ ಎರಡು ಹೊತ್ತೂ ಹಾಕ್ತೀನಿ.”

ಸಿಟ್ಟು ನೆತ್ತಿಗೇರಿತು. ಅವಕ್ಕೆ ಬಣ್ಣವೇ ಊಟ ಅತ್ತೆ, ನಾನು ಅಂದೇ ಹೇಳಿರಲಿಲ್ಲವೇ ಎಂದೆ. ಅವರು ಮುಚ್ಚಳ ಹಾಕಿ, ಬಾಟಲಿಯನ್ನು ಸೆರಗಿನಿಂದ ಒರೆಸಿ, ಅದರ ಜಾಗದಲ್ಲಿಟ್ಟರು.

“ಬಣ್ಣ ಯಾರಿಗಮ್ಮ ಊಟ? ಹೊಟ್ಟೆಗೆ ಗಂಜಿ ಸಿಕ್ಕಿದ್ರೆ ನಾನೇನು ಆ ಬಾನಿಗೆ ಕೈ ಇಕ್ತಿದ್ನಾ?”

ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿಕೊಡುವ ಪಾಠವೇ ಅದು. ಕೆರೆ ಹೋದದ್ದು ನಿಮ್ಮ ಅಂಬಲಿಯಿಂದಲೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವರ ಕೈ ನೋಡಿದೆ, ಹೇಳಲಾಗಲಿಲ್ಲ. ಇಂದಿಗೂ ಹೇಳಿಲ್ಲ. ತಾವು ಇನ್ನಷ್ಟು ಹಾಕಬೇಕಿತ್ತು ಎಂದೇ ಅವರು ನಂಬಿದ್ದಾರೆ, ಮಾತಿನಂತೆ ಎರಡು ಹೊತ್ತೂ ಹಾಕುತ್ತಿದ್ದಾರೆ. ಅಂದು ಅವರು ತಟ್ಟೆ ಹಾಕಿ, ಮುದ್ದೆಯಿಟ್ಟು, ಸೊಪ್ಪಿನ ಸಾರು ಬಡಿಸಿ, ಮನಸ್ಸಿಗೆ ಹಚ್ಚಿಕೋಬೇಡ ಎಂದು ಇನ್ನೊಂದು ಅರ್ಧ ಮುದ್ದೆ ಇಟ್ಟರು.

ಈಗ ಕೆರೆಗೆ ಮಣ್ಣಿನ ಟಿಪ್ಪರುಗಳು ಬರುತ್ತಿವೆಯಂತೆ. ಯಾರನ್ನಾದರೂ ಕಾಣಬೇಕು, ತಡೆಯಬೇಕು, ಉಳಿದಿರುವ ಕೆಸರಿನಲ್ಲಾದರೂ ಮತ್ತೆ ಹುಡುಕಬೇಕು ಎಂದು ನಾನು ಪ್ರತಿದಿನ ಅಂದುಕೊಳ್ಳುತ್ತೇನೆ. ಊಟವಾದ ಮೇಲೆ ಕಣ್ಣೆಳೆಯುತ್ತದೆ, ನಾಳೆ ನೋಡೋಣ ಅನ್ನಿಸುತ್ತದೆ. ಒಲೆಯ ಪಕ್ಕದ ಬಾಟಲಿಯಲ್ಲಿ ನನ್ನ ಬ್ಯಾಕ್ಟೀರಿಯಾಗಳು ಕಲಿತ ವಿದ್ಯೆಯನ್ನೆಲ್ಲ ಮರೆತು, ತಿಂದುಂಡು ಸುಖವಾಗಿವೆ. ದಂಡಪಿಂಡಗಳಾ ಎಂದು ಅವನ್ನು ಬಯ್ಯಬೇಕೆನ್ನಿಸುತ್ತದೆ. ಆದರೆ ಬಯ್ಯಲು ಬಾಯಿ ತೆರೆದಾಗಲೆಲ್ಲ ನನ್ನ ಬಾಯಲ್ಲಿ ಅತ್ತೆಯವರ ಮುದ್ದೆ ಇರುತ್ತದೆ.