ದೇವರ ಎತ್ತಿಗೆ, ನಮ್ಮ ಪಾಯಿಖಾನೆ ಪೈಪಿನ ಪರವಾಗಿ

ಮಾನ್ಯರೇ,

ನೊಗ ಕಾಣದ ಕೊರಳಿನ, ಕೋಲಿನ ಪೆಟ್ಟು ಅರಿಯದ ಬೆನ್ನಿನ, ನನ್ನಿವಾಳದ ಬೀದಿಗಳಲ್ಲಿ ಯಾರ ಅಪ್ಪಣೆಗೂ ಕಾಯದೆ ನಡೆದಾಡುವ ದೇವರ ಎತ್ತಾದ ತಮಗೆ, ಇದೇ ಊರಿನ ನ್ಯಾಯಬೆಲೆ ಅಂಗಡಿಯ ಪಾಲಾಕ್ಷನು ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮವನ್ನು ನಮ್ಮ ಅಂಗಳದಲ್ಲೇ ದಿನಾ ಕಣ್ಣಾರೆ ಕಾಣುತ್ತಿರುವುದರಿಂದ ಅದನ್ನು ವಿಚಾರಿಸದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಜಗಲಿಯ ಪಕ್ಕ ಸೊಂಟದೆತ್ತರಕ್ಕೆ ಎದ್ದು ನಿಂತಿದ್ದ ಬಿಳಿ ಪೈಪು ತಾವು ಮೈ ಉಜ್ಜಿಕೊಳ್ಳಲೆಂದು ನೆಟ್ಟದ್ದಲ್ಲ. ಪಾಯಿಖಾನೆಯಿಂದ ಗುಂಡಿಗೆ ಹೋಗುವ ಪೈಪು ಕಟ್ಟಿಕೊಂಡರೆ ಮುಚ್ಚಳ ತಿರುಗಿಸಿ, ಸಲಾಕೆ ಹಾಕಿ ಬಿಡಿಸಲೆಂದು ಹೊರಗೆ ಬಿಟ್ಟ ಬಾಯಿ ಅದು. ಸೋಮವಾರ ತಾವು ಅದಕ್ಕೆ ಭುಜ ಕೊಟ್ಟಿರಿ. ಮುಚ್ಚಳ ಒಂದು ಕಡೆ, ಪೈಪಿನ ತುಂಡು ಒಂದು ಕಡೆ ಹೋಗಿ, ಉಳಿದ ಬಾಯಿಯೊಳಗೆ ಕಲ್ಲುಮಣ್ಣು ಇಳಿದು, ಒಳಗಿನದು ಒಳಗೇ ನಿಂತಿತು. ಪಕ್ಕದ ಮನೆಯ ಅಜ್ಜಪ್ಪನವರು ಓಡಿ ಬಂದಾಗ ಗುದ್ದಲಿ ಹಿಡಿಯುತ್ತಾರೇನೋ ಅಂದುಕೊಂಡೆ. ಅವರು ತಮಗೆ ಕೈ ಮುಗಿದು, "ಪುಣ್ಯವಂತ ಕಣಲೇ ನೀನು, ಹುಡುಕ್ಕೊಂಡು ನಿಮ್ಮನೆಗೇ ಬಂದೈತೆ" ಎಂದು ಹೇಳಿ ಮನೆಗೆ ಹೋದರು.

ಮಂಗಳವಾರ ಚಳ್ಳಕೆರೆಯಿಂದ ಪ್ಲಂಬರ್ ಮುಬಷೀರ್ ಬಂದು, ಸುತ್ತ ಅಗೆದು, ಮಣ್ಣು ತೆಗೆದು, ಒಡೆದ ಭಾಗವನ್ನು ನೇರವಾಗಿ ಕೊಯ್ದು, ಗಮ್ ಹಚ್ಚಿ ಹೊಸ ತುಂಡು ಕೂರಿಸಿದ. "ಒಂದಿನ ಯಾರೂ ಮುಟ್ಬಾರ್ದು ಸಾರ್, ಗಮ್ ಹಿಡೀಬೇಕು" ಎಂದ. ಅವನ ಸ್ಕೂಟರು ಬೀದಿ ತಿರುಗುವ ಮೊದಲೇ ತಾವು ಬಂದು ಒರಗಿದಿರಿ. ಗುರುವಾರವೂ ಹಾಗೆಯೇ. ಕೆಲಸ ಮುಗಿದ ಗಳಿಗೆಗೇ ಹಾಜರಾಗಿ, ಮೈಯಾರೆ ಒರಗಿ ಪರೀಕ್ಷಿಸುವ ತಮ್ಮನ್ನು ಈ ತಾಲ್ಲೂಕಿನ ಕಾಮಗಾರಿಗಳ ಗುಣಮಟ್ಟ ನೋಡಲು ನೇಮಿಸದೆ ಇರುವುದು ಸರ್ಕಾರಕ್ಕೇ ನಷ್ಟ.

ಸುತ್ತ ಜಾಲಿಮುಳ್ಳು ಹಾಕೋಣವೆಂದು ಮುಬಷೀರ್ ಹೇಳಿದ್ದಕ್ಕೆ ನಮ್ಮ ಅವ್ವ ಕಾಟಮ್ಮ, "ದೇವರ ಎತ್ತಿಗೆ ಮುಳ್ಳು ಹಾಕ್ತೀರೇನೋ, ನಾನಿನ್ನೂ ಬದುಕಿದೀನಿ" ಎಂದು ಗದರಿದಳು. ತಮ್ಮನ್ನು ಮೇಯಿಸುವ ಕಿಲಾರಿ ಬೋರಣ್ಣನನ್ನು ಕೇಳಿದರೆ, "ಅದಕ್ಕೆ ದಾರಿ ತೋರ್ಸಾಕೆ ನಾನ್ಯಾರು ಸ್ವಾಮಿ, ಅದು ಹೋದ ದಾರೀಲಿ ನಾನು ಹೋಗ್ತೀನಿ" ಎಂದ. ಇಂಥ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ.

ನನ್ನದು ಹೇಗೋ ನಡೆಯುತ್ತದೆ. ಆದರೆ ಆ ಪಾಯಿಖಾನೆಗೆ ಕಮೋಡು ಹಾಕಿಸಿದ್ದೇ ಮೊಣಕಾಲಿನ ಆಪರೇಷನ್ ಆದ ಅವ್ವನಿಗಾಗಿ. ಈಗ ಅವಳು ಕೋಲೂರಿಕೊಂಡು ನಾಲ್ಕು ಮನೆ ದಾಟಿ, ಕಮೋಡು ಇರುವ ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳಿಕೊಂಡು ಒಳಗೆ ಹೋಗಬೇಕು. ಯಾರ ಬಾಗಿಲಲ್ಲೂ ಏನನ್ನೂ ಕೇಳದೆ ಎಪ್ಪತ್ತೆಂಟು ವರ್ಷ ಬದುಕಿದ ಹೆಂಗಸು, ಆ ಸಂಕೋಚಕ್ಕೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ.

ನಿನ್ನೆ ಇನ್ನೊಂದು ಸಂಗತಿ ಬಯಲಾಯಿತು. ಬಗ್ಗಿ ನೆಲದ ಮೇಲೆ ಏನನ್ನೂ ಇಡಲಾಗದ ಅವ್ವ, ಜಗಲಿಯಲ್ಲಿ ಕೂತಲ್ಲಿಂದಲೇ ಕೈಗೆಟಕುವ ಆ ದುಂಡು ಮುಚ್ಚಳದ ಮೇಲೆ ಎರಡು ತಿಂಗಳಿಂದ ತಮಗೆ ಬೆಲ್ಲ ಇಡುತ್ತಿದ್ದಳಂತೆ. ಪಾಯಿಖಾನೆ ಪೈಪಿನ ಮೇಲೇನವ್ವಾ ಎಂದರೆ, "ತೊಳ್ದೇ ಇಟ್ಟೀನಿ ಕಣೋ" ಎಂದಳು. ಪೀಠ ಯಾವುದೆಂದು ವಿಚಾರಿಸದೆ ನೈವೇದ್ಯ ಸ್ವೀಕರಿಸಿದ ತಮ್ಮ ಉದಾರತೆಗೆ ನಾನು ತಲೆಬಾಗುತ್ತೇನೆ.

ಮುಬಷೀರ್ ಇಂದು ಮೂರನೇ ಸಲ ಪೈಪು ಕೂಡಿಸಿ ಹೋಗಿದ್ದಾನೆ. ಆದಕಾರಣ ತಾವು ದಯಮಾಡಿ ಒಂದೇ ಒಂದು ದಿನ ರಜೆ ಪಡೆಯಬೇಕು. ಅದಾಗದಿದ್ದರೆ ಬರುವ ಮುನ್ನ ಲಿಖಿತ ಸೂಚನೆ ಕಳಿಸಬೇಕು. ಅದೂ ಆಗದಿದ್ದರೆ, ಈ ಪೈಪು ಮುರಿಯುವ ಉದ್ದೇಶ ತಮಗಿಲ್ಲವೆಂದು ಛಾಪಾ ಕಾಗದದ ಮೇಲೆ ಗೊರಸಿನ ಗುರುತು ಒತ್ತಿಕೊಡಬೇಕು. ಬೆಲ್ಲವನ್ನು ನಾಳಿದ್ದಿನಿಂದ ಜಗಲಿಯ ಆಚೆ ತುದಿಯಲ್ಲಿ, ಮಣೆ ಹಾಕಿ ಇಡುವ ಜವಾಬ್ದಾರಿ ನನ್ನದು.

ಗಮ್ ಒಣಗುವವರೆಗಾದರೂ ತಮ್ಮ ವಿಶ್ವಾಸಿ,
ಪಾಲಾಕ್ಷ, ನನ್ನಿವಾಳ

ತಾ.ಕ.: ಪತ್ರ ಮಡಿಸುತ್ತಿರುವಾಗಲೇ ತಾವು ಬಂದಿರಿ. ನಾನು ಓಡಿ ಬರುವಷ್ಟರಲ್ಲಿ ಅವ್ವ ಪೈಪಿಗೆ ಅಡ್ಡ ನಿಂತು, "ಇವತ್ತೊಂದಿನ ಆಕಡೆ ಹೋಗಪ್ಪಾ, ಇನ್ನೊಬ್ರ ಬಾಗ್ಲಾಗೆ ನಿಲ್ಲಾಕೆ ನನಗೆ ನಾಚಿಕೆ ಆಗ್ತೈತೆ" ಎಂದಳು. ತಾವು ಕಿವಿಯಾಡಿಸಿ, ತಿರುಗಿ ಹೊರಟೇ ಹೋದಿರಿ. ಸೋಮವಾರದಿಂದ ನಾನು ಕೈ ಮುಗಿದು ಗೋಗರೆದರೂ ಕದಲದವರು ಈಗ ಹೇಗೆ ಹೋದರೆಂದು ಅವ್ವನನ್ನೇ ಕೇಳಿದೆ. "ನೀನು ಬರೀ ಪೈಪು, ಪೈಪು ಅಂದೆ. ನಾನು ನನ್ನ ಕಷ್ಟ ಹೇಳ್ದೆ" ಎಂದಳು.